ಮುಖ ತೊಳೆದ ಮರಳು

ಜನವರಿ ೯

ಮಹಾಜನಗಳೇ, ಅಮ್ಮಂದಿರೇ, ಅಯ್ಯಂದಿರೇ, ಬಾಗಿಲಲ್ಲೇ ನಿಂತು ಕತ್ತನ್ನು ಮಾತ್ರ ಒಳಗೆ ಕಳಿಸಿರುವ ಮಹನೀಯರೇ, ಕಿವಿಗೊಟ್ಟು ಕೇಳುವಂಥವರಾಗಿ. ಕಡಲ ಬೀದಿಯ ನಾಟಕ ಮಂದಿರದ ಯಜಮಾನನಾದ ನಾನು, ದೂರದ ಪಟ್ಟಣದಲ್ಲಿ ಮರಳಿನ ಜಾಡು ಹಿಡಿಯುವ ನನ್ನ ಅಕ್ಕನ ಮಗಳಿಗೆ ಪತ್ರ ಬರೆಯಲು ಕೂತಿದ್ದೇನೆ.

ಗಾಬರಿ ಬೀಳಬೇಡ ಮಗಳೇ. ಪತ್ರದ ತಲೆಯ ಮೇಲೆ ಸಭೆ ಯಾಕೆ ಕೂತಿದೆ ಅಂತೀಯಾ? ನಿಜವಾಗಿಯೂ ಕೂತಿದೆ. ನಿನ್ನ ಪತ್ರ ಬಂತೆಂದರೆ ಬೀದಿಗೆ ಬೀದಿಯೇ ಮಂದಿರದ ಬೆಂಚುಗಳ ಮೇಲೆ ಹಾಜರು. ನೀನು ಬರೆದದ್ದನ್ನು ನಾನು ಓದಿ ಹೇಳುತ್ತೇನೆ. ನಾನು ಬರೆಯುವುದನ್ನು ಮೊದಲು ಗಟ್ಟಿಯಾಗಿ ಆಡಿ, ಆಮೇಲೆ ಬರೆಯುತ್ತೇನೆ. ಬಾಯಿಗೆ ಬಾರದ ಮಾತು ಈ ಕೈಗೆ ಎಂದೂ ಬಂದಿಲ್ಲ.

ವಿಷಯಕ್ಕೆ ಬರುತ್ತೇನೆ. ಬಂದರು ಕಚೇರಿಯವರು ಮೊನ್ನೆ ಬಂದು ಗೋಡೆಗೆ ನೋಟೀಸು ಅಂಟಿಸಿ ಹೋದರು. ದಡವನ್ನು ಕಡಲು ತಿನ್ನುತ್ತಿದೆ, ಮುಂದಿನ ಮಳೆಗಾಲದೊಳಗೆ ಬೀದಿ ಖಾಲಿ ಮಾಡಿ ಅಂತ. ಸೋಡಾ ಅಂಗಡಿಯವನು ಅದನ್ನು ಓದಿ, "ಖಾಲಿ ಮಾಡೋಕೆ ನಮಗ್ಯಾಕೆ ಹೇಳ್ತಾರೆ, ಸಮುದ್ರವೇ ಮಾಡ್ತಿದೆಯಲ್ಲ" ಅಂದ. ಆಗ ನಾನು ಬೆಂಚು ಹತ್ತಿ ನಿನ್ನ ಯೋಜನೆಯನ್ನು ಸಾರಿದೆ. ಹಡಗಿನ ದಾರಿಯಿಂದ ವರ್ಷವರ್ಷವೂ ಎತ್ತುವ ಮರಳಿನ ಹೂಳನ್ನು ದೂರದ ಆಳಕ್ಕೆ ಚೆಲ್ಲುವ ಬದಲು ನಮ್ಮ ಬೀದಿಯ ಎದುರಿನ ತೆಳುನೀರಿನಲ್ಲಿ ಸುರಿದರೆ, ಕಡಲೇ ಅದನ್ನು ಹೊತ್ತು ತಂದು ನಮ್ಮ ದಡ ತುಂಬೀತು, ಬೀದಿ ಉಳಿದೀತು, ತರುತ್ತದೋ ಇಲ್ಲವೋ ಎಂದು ನನ್ನ ಅಕ್ಕನ ಮಗಳು ಪರೀಕ್ಷೆ ಮಾಡಿ ಹೇಳುತ್ತಾಳೆ, ಅಲ್ಲಿಯವರೆಗೆ ಯಾರೂ ಚಾಪೆ ಸುತ್ತಬೇಡಿ ಎಂದೆ. ಚಪ್ಪಾಳೆ ಬಿತ್ತು. ಬಹಳ ದಿನವಾಗಿತ್ತು ಆ ಸದ್ದು ಕೇಳಿ.

ನೀನು ಕೇಳಿದ ಮರಳನ್ನು ಕಳಿಸಿದ್ದೇನೆ. ನೀರು ಇಳಿದಾಗ ನಾನೇ ತುಂಬಿದ್ದು. ದೊಡ್ಡ ದೊಡ್ಡವರು ನೋಡುವ ವಸ್ತು, ನಮ್ಮ ಬೀದಿಯ ಮಾನ, ಆದ್ದರಿಂದ ಲಕ್ಷಣವಾಗಿ ಕಳಿಸಿದ್ದೇನೆ. ನಿನ್ನ ಅತ್ತೆ ಏನೋ ಗೊಣಗಿದಳು. ಅವಳು ಗೊಣಗದ ದಿನ ನಾನು ವೈದ್ಯರನ್ನು ಕರೆಸುತ್ತೇನೆ.

ನಿನ್ನ ಮಾವ


ಜನವರಿ ೧೭

ಮಾವನಿಗೆ ನಮಸ್ಕಾರ.

ಡಬ್ಬಿ ತಲುಪಿತು. ನೀವು ಮುಚ್ಚಳಕ್ಕೆ ಸುರಿದಿದ್ದ ಮೇಣವನ್ನು ಬಿಡಿಸಲು ಲ್ಯಾಬಿನಲ್ಲಿ ಇಬ್ಬರು ಬೇಕಾದರು. ಮರಳು ನೋಡಿ ಎಲ್ಲರೂ ಬೆರಗಾದರು. ಬೆರಳ ಸಂದಿಯಲ್ಲಿ ನಿಲ್ಲದಷ್ಟು ನುಣುಪು. ನನ್ನ ನೆನಪಿನಲ್ಲಿ ನಮ್ಮ ದಡದ ಮರಳು ಕಾಲಿಗೆ ಚುಚ್ಚುತ್ತಿತ್ತು. ಚಿಕ್ಕವಳಿದ್ದಾಗ ನನ್ನ ಅಂಗಾಲೇ ಮೆತ್ತಗಿತ್ತೇನೋ.

ಬೀದಿಯವರಿಗೆ ಓದಿ ಹೇಳುತ್ತೀರಿ ಎಂದಿರಿ. ಹಾಗಾದರೆ ಇದನ್ನು ನಿಧಾನವಾಗಿ ಓದಿ. ಸಮುದ್ರದ ತಳದಲ್ಲಿ ಮರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಒಂದು ಕಣದಿಂದ ಇನ್ನೊಂದು ಕಣಕ್ಕೆ ವ್ಯತ್ಯಾಸವೂ ಇಲ್ಲ. ಅದಕ್ಕೆ ನಾವು ಒಂದು ಬಗೆಯ ಗಾಜು ಮಾಡುತ್ತೇವೆ. ಅದರಲ್ಲಿ ಸ್ಕ್ಯಾಂಡಿಯಂ ಎಂಬ ಲೋಹ ಚಿಟಿಕೆಯಷ್ಟು ಸೇರಿರುತ್ತದೆ. ಆ ಗಾಜನ್ನು ನಿಮ್ಮ ಮರಳಿನಷ್ಟೇ ಸಣ್ಣಗೆ ಪುಡಿ ಮಾಡಿ, ಅಣು ರಿಯಾಕ್ಟರಿನೊಳಗೆ ಇಟ್ಟು ತೆಗೆದರೆ, ಲೋಹ ವಿಕಿರಣ ಸೂಸತೊಡಗುತ್ತದೆ. ಅದನ್ನು ತಳಕ್ಕೆ ಇಳಿಸುತ್ತೇವೆ. ಆಮೇಲೆ ಒಂದು ಯಂತ್ರವನ್ನು ಬೋಟಿನ ಹಿಂದೆ ತಳದ ಮೇಲೆ ಎಳೆದುಕೊಂಡು ಹೋಗುತ್ತೇವೆ. ಗಾಜಿನ ಕಣ ಎಲ್ಲಿದೆಯೋ ಅಲ್ಲಿ ಅದು ಟಿಕ್ ಟಿಕ್ ಎನ್ನುತ್ತದೆ.

ಕಣ ಮರಳಿನಷ್ಟೇ ದಪ್ಪ, ಅಷ್ಟೇ ತೂಕ ಇದ್ದರೆ ಕಡಲಿಗೆ ಭೇದ ತಿಳಿಯುವುದಿಲ್ಲ. ಮರಳನ್ನು ಒಯ್ಯುವ ಕಡೆಗೇ ಅದನ್ನೂ ಒಯ್ಯುತ್ತದೆ. ಇಡೀ ಪರೀಕ್ಷೆ ನಿಂತಿರುವುದು ನೀವು ಕಳಿಸಿದ ಡಬ್ಬಿಯ ಮೇಲೆ. ಅಂಜುವವರಿಗೆ ಹೇಳಿ, ಹಾಕುವುದು ತೀರಾ ಸ್ವಲ್ಪ, ಹರಡುವುದು ಬಹಳ ದೂರ. ಅದರ ಶಕ್ತಿಯೂ ಮೂರು ತಿಂಗಳಿಗೊಮ್ಮೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ನಾನೇ ಬಂದು ಮರಳು ತೆಗೆಯಬೇಕಿತ್ತು. ಕೆಲಸ ಬಿಡಲಿಲ್ಲ. ಅತ್ತೆಗೆ ನಮಸ್ಕಾರ.

ನಿಮ್ಮ ಸೊಸೆ


ಮಾರ್ಚ್ ೨

ಮಗಳೇ,

ನೋಡಿದೆ. ನಾನೂ ನೋಡಿದೆ, ಬೀದಿಯೂ ನೋಡಿತು. ನಾಟಕ ಮಂದಿರದ ಹಳೇ ದುರ್ಬೀನನ್ನು ಹಿಡಿದು ಮಾಳಿಗೆ ಹತ್ತಿದವನು ನೀವೆಲ್ಲ ಹೋಗುವ ತನಕ ಇಳಿಯಲಿಲ್ಲ. ಬಿಳೀ ಅಂಗಿಯ ನೀನು, ಬೋಟಿನ ತುದಿಯಲ್ಲಿ, ಉದ್ದನೆಯ ಕೋಲು ಹಿಡಿದವರಿಗೆ ಕೈಯಾಡಿಸಿ ಅಪ್ಪಣೆ ಕೊಡುತ್ತಿದ್ದೆ. ನಿನ್ನ ಗಾಜಿನ ಪುಡಿಯ ಸೀಸದ ಪೆಟ್ಟಿಗೆ ತೆರೆಯಿತು, ಹಗ್ಗ ಇಳಿಯಿತು, ಎಲ್ಲರೂ ಉಸಿರು ಬಿಗಿಹಿಡಿದೆವು. ಏನೂ ಆಗಲಿಲ್ಲ. ಒಂದು ಗುಳ್ಳೆಯೂ ಬರಲಿಲ್ಲ.

"ಇಷ್ಟೇನಾ?" ಅಂದ ಸೋಡಾ ಅಂಗಡಿಯವನು. "ನನ್ನ ಬಾಟಲಿ ಬಿಚ್ಚಿದ್ರೆ ಇದಕ್ಕಿಂತ ಜೋರು ಸದ್ದು ಬರುತ್ತೆ."

ಬೀದಿ ಕೊನೆಯ ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿರುವ ಹೆಂಗಸನ್ನು ನಾವೆಲ್ಲ ಸೂಜಿಯಮ್ಮ ಅನ್ನುತ್ತೇವಲ್ಲ, ಅವಳಿಗೆ ಬೇರೆ ಚಿಂತೆ. "ಮೀನು ಹೊಳೀತಾವಂತೆ, ಹೌದಾ?" ಅಂತ ಕೇಳಿದಳು. "ಹೊಳೆದರೆ ಒಳ್ಳೆಯದೇ, ದೀಪದ ಖರ್ಚು ಉಳಿಯಿತು" ಅಂದೆ. ಆಮೇಲೆ ತಮಾಷೆ ಬದಿಗಿಟ್ಟು, ನೀನು ಬರೆದದ್ದನ್ನು ಇನ್ನೊಮ್ಮೆ ಅಕ್ಷರ ಬಿಡದೆ ಓದಿ ಹೇಳಿದೆ. ಒಪ್ಪಿದಳು. ಅವಳು ಹಟಮಾರಿ, ಆದರೆ ಕಿವಿ ಇರುವ ಹಟಮಾರಿ.

ಒಂದು ಮಾತು. ಬೋಟು ಇಷ್ಟು ಹತ್ತಿರ ಬಂದಿತ್ತು. ನಿನ್ನ ಅತ್ತೆ ಬಾಗಿಲು ತೆರೆದಿಟ್ಟು, ಚಾಪೆ ಹಾಸಿ ಕಾದಳು. ನೀನು ದಡದ ಕಡೆ ಒಮ್ಮೆ ತಿರುಗಿ ನೋಡಿದ್ದು ದುರ್ಬೀನಿನಲ್ಲಿ ಕಂಡಿತು. ಆಮೇಲೆ ಬೋಟು ಬಂದರಿನ ಕಡೆ ತಿರುಗಿತು. ಪಟ್ಟಣ ಸೇರಿದವರಿಗೆ ಕಡಲ ಬೀದಿಯ ಕೆಸರು ಹಿಡಿಸಲಿಕ್ಕಿಲ್ಲ ಎಂದು ನಾನು ಹೇಳಲಿಲ್ಲ, ಜನ ಹೇಳಿದರು. ನಾನು ಗದರಿದೆ.

ಮಂದಿರ ಚೆನ್ನಾಗಿದೆ. ಎಲ್ಲ ಚೆನ್ನಾಗಿದೆ.

ನಿನ್ನ ಮಾವ


ಏಪ್ರಿಲ್ ೧೧

ಮಾವನಿಗೆ,

ಆ ದಿನ ಕೆಲಸ ಮುಗಿದ ಮೇಲೆ ನಮ್ಮ ಕೈ, ಬಟ್ಟೆ, ಬೋಟು ಎಲ್ಲದರ ತಪಾಸಣೆಯಾಗಬೇಕಿತ್ತು. ಅದಕ್ಕೆ ನೇರ ಬಂದರಿಗೆ ಹೋದೆವು. ಅತ್ತೆ ಕಾದದ್ದು ನನಗೆ ಗೊತ್ತಿರಲಿಲ್ಲ.

ಈ ಪತ್ರವನ್ನು ಮೊದಲು ನೀವೊಬ್ಬರೇ ಓದಿಕೊಳ್ಳಿ. ಆಮೇಲೆ ಹೇಗೆ ಹೇಳಬೇಕೋ ಹಾಗೆ ಹೇಳಿ.

ಯಂತ್ರ ಎಳೆದುಕೊಂಡು ಮತ್ತೆ ಮತ್ತೆ ಹೋಗಿ ಬಂದೆವು. ಗಾಜಿನ ಕಣ ದಡದ ಕಡೆ ಬರುತ್ತಿಲ್ಲ. ಪ್ರತಿ ಸಲವೂ ಟಿಕ್ ಟಿಕ್ ಆಳದ ಕಡೆಗೇ ಸರಿದಿದೆ. ಹೋದ ವಾರ ಬೀದಿಯ ಎದುರು ಏನೂ ಕೇಳಿಸಲಿಲ್ಲ. ಅಂದರೆ ಹೂಳನ್ನು ಅಲ್ಲಿ ಸುರಿದರೆ ಅದು ನಿಮ್ಮ ದಡಕ್ಕೆ ಬರುವುದಿಲ್ಲ, ಸಮುದ್ರದ ಪಾಲಾಗುತ್ತದೆ. ಬಂದರು ಕಚೇರಿ ಹೂಳನ್ನು ಮೊದಲಿನಂತೆ ದೂರಕ್ಕೇ ಒಯ್ಯುತ್ತದೆ. ಬೀದಿಯವರಿಗೆ ಗುಡ್ಡದ ಹಿಂದೆ ಮನೆ ಕೊಡುತ್ತಾರಂತೆ. ಮೇ ತಿಂಗಳ ಸಭೆಯಲ್ಲಿ ತೀರ್ಮಾನವಾಗುತ್ತದೆ.

ಇದು ನನ್ನ ಅಭಿಪ್ರಾಯವಲ್ಲ, ಅಳತೆ. ಅಳತೆಯ ಹತ್ತಿರ ಚೌಕಾಸಿ ನಡೆಯುವುದಿಲ್ಲ. ಸಾಮಾನು ಕಟ್ಟಿಕೊಳ್ಳಲು ಶುರು ಮಾಡಿ ಮಾವ.

ನಿಮ್ಮ ಸೊಸೆ


ಏಪ್ರಿಲ್ ೧೯

ಮಗಳೇ,

ಓದಿದೆ. ಒಬ್ಬನೇ ಓದಿದೆ. ಆಮೇಲೆ ಬೆಂಚುಗಳ ಮುಂದೆ ನಿಂತೆ. ಗಂಟಲು ಕೈಕೊಟ್ಟಿತು. ಎಂಥೆಂಥ ಯುದ್ಧ ಸೋತ ರಾಜರ ಪಾತ್ರ ಮಾಡಿದವನು ನಾನು, ಹಿಂದಿನ ಸಾಲಿನ ಕೊನೆಯವನಿಗೂ ಕೇಳುವ ಹಾಗೆ ಸೋತವನು. ಈ ಸೋಲನ್ನು ಮಾತ್ರ ಬೇರೆಯವರ ಬಾಯಿಗೆ ಬಿಟ್ಟೆ. ಪತ್ರವನ್ನು ಸೂಜಿಯಮ್ಮನ ಕೈಗೆ ಕೊಟ್ಟೆ. ಅವಳು ಬಟ್ಟೆ ಹರಿದ ಹಾಗೆ ಒಂದೇ ಸಮ ಓದಿ ಮುಗಿಸಿದಳು.

ಈಗ ನಿಜ ಹೇಳುತ್ತೇನೆ. ಮಂದಿರ ಚೆನ್ನಾಗಿಲ್ಲ. ಮುಂದಿನ ಮೆಟ್ಟಿಲುಗಳು ಹೋದ ವರ್ಷವೇ ಕಡಲಿಗೆ ಹೋದವು. ಈಗ ಒಂದು ಹಲಗೆ ಹಾಕಿದ್ದೇವೆ. ನಿನಗೆ ಬರೆಯಲಿಲ್ಲ, ಬರೆದರೆ ಮಾವನ ಮೇಲಿನ ಮರುಕಕ್ಕೆ ಮಾಡಿದ ಪರೀಕ್ಷೆ ಅಂತ ನಿನ್ನನ್ನು ಯಾರಾದರೂ ಆಡಿಕೊಂಡಾರು ಎಂದು.

ಆದರೂ ಒಂದು ಮಾತು ನನ್ನ ಹೊಟ್ಟೆಯಲ್ಲಿ ಕೂತು ಏಳುವುದಿಲ್ಲ. ಕಡಲು ಶಾಂತವಾಗಿರುವ ತಿಂಗಳುಗಳಲ್ಲಿ ಅದು ಮರಳನ್ನು ತಂದು ನಮ್ಮ ಹಲಗೆಯ ಕೆಳಗೆ ಗುಡ್ಡೆ ಹಾಕುತ್ತದೆ. ಈ ವರ್ಷವೂ ಹಾಕಿದೆ. ಈಗಲೂ ಇದೆ. ನಿನ್ನ ಅತ್ತೆ ಬರಿಗಾಲಲ್ಲಿ ನಡೆದು "ಜಲ್ಲಿ ಚುಚ್ಚಿದ ಹಾಗೆ ಚುಚ್ಚುತ್ತೆ" ಅನ್ನುತ್ತಾಳೆ. ಹೋಗುವುದಷ್ಟೇ ಆದರೆ ಇದು ಬಂದದ್ದೆಲ್ಲಿಂದ? ನಿನ್ನ ಯಂತ್ರಕ್ಕೆ ಕಿವಿ ಇದ್ದೀತು, ನಮಗೆ ಅಂಗಾಲು ಇದೆ.

ಸಾಮಾನು ಕಟ್ಟು ಅಂದೆ, ಕಟ್ಟುತ್ತಿದ್ದೇನೆ. ಬಣ್ಣದ ಪೆಟ್ಟಿಗೆ ತೆರೆದೆ. ಮುಖಕ್ಕೆ ಹಚ್ಚುವ ಬಿಳಿ ಪುಡಿಯನ್ನು ಸೋಸುವ ತೆಳು ಮಲ್ಲು ಬಟ್ಟೆ ಇತ್ತಲ್ಲ, ನೀನು ಚಿಕ್ಕಂದಿನಲ್ಲಿ ತಲೆಗೆ ಕಟ್ಟಿಕೊಂಡು ಓಡುತ್ತಿದ್ದೆ, ಅದು ತೂತುಬಿದ್ದಿದೆ. ಎಲ್ಲ ನಿನ್ನ ಡಬ್ಬಿಯ ಮರಳು ಸೋಸಿದ್ದರ ಫಲ. ಹೋಗಲಿ, ಇನ್ನು ಯಾರ ಮುಖಕ್ಕೆ ಬಣ್ಣ.

ನಿನ್ನ ಮಾವ


ಏಪ್ರಿಲ್ ೨೨

ಮಾವ,

ಯಾವ ಬಟ್ಟೆ? ಮರಳನ್ನು ಸೋಸಿದಿರಾ? ತೊಳೆದಿರಾ? ಬಟ್ಟೆಯ ಮೇಲೆ ಉಳಿದದ್ದು ಎಷ್ಟಿತ್ತು, ಏನು ಮಾಡಿದಿರಿ?

ಬೇರೇನೂ ಬರೆಯಬೇಡಿ. ಇದಕ್ಕೆ ಮಾತ್ರ ಉತ್ತರ ಬೇಕು. ಬಟ್ಟೆಯನ್ನೂ, ಹಲಗೆಯ ಕೆಳಗಿನ ಮರಳನ್ನು ಒಂದು ಮುಷ್ಟಿ, ಇದ್ದದ್ದು ಇದ್ದ ಹಾಗೆ, ಜೊತೆಗೆ ಕಳಿಸಿ.


ಏಪ್ರಿಲ್ ೨೫

ಮಗಳೇ,

ನಮಸ್ಕಾರವಿಲ್ಲ, ಕ್ಷೇಮವಿಲ್ಲ, ಪೊಲೀಸಿನವರು ಕೇಳಿದ ಹಾಗೆ ಕೇಳಿದ್ದೀಯ. ಉತ್ತರ ಕೊಡುತ್ತೇನೆ.

ಸೋಸಿದೆ. ತೊಳೆದೆ. ತಪ್ಪೇನು? ನೀನು ಕೇಳಿದಾಗ ನಾನು ನೀರಿನಂಚಿಗೆ ಹೋಗಿ ತುಂಬಿಕೊಂಡು ಬಂದೆ. ಮನೆಗೆ ಬಂದು ಬೆಳಕಿನಲ್ಲಿ ನೋಡಿದರೆ ಚಿಪ್ಪಿನ ಚೂರು, ಕಸ, ಹರಳು. ಇದನ್ನು ಹೀಗೇ ಕಳಿಸುವುದೇ? ನಲವತ್ತು ವರ್ಷ ನಾನು ಯಾರನ್ನೂ ಮುಖ ತೊಳೆಸದೆ ರಂಗಕ್ಕೆ ಬಿಟ್ಟವನಲ್ಲ. ಕಾವಲುಗಾರನ ಪಾತ್ರಕ್ಕೂ ಬಣ್ಣ ಹಚ್ಚಿಸಿದವನು. ಸಿಹಿನೀರಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆದೆ, ಒಣಗಿಸಿದೆ, ಬಣ್ಣದ ಪುಡಿಯ ಹಾಗೆಯೇ ವಸ್ತ್ರಗಾಳಿತ ಮಾಡಿದೆ. ಬಟ್ಟೆಯ ಮೇಲೆ ಉಳಿದದ್ದೇ ಬಹಳ. ಕೆಳಗೆ ಬಿದ್ದದ್ದು ಸ್ವಲ್ಪ. ಅದಕ್ಕೇ ಡಬ್ಬಿ ತುಂಬಿಸಲು ನಾನು ಮತ್ತೆ ಮತ್ತೆ ನೀರಿಗೆ ಹೋಗಬೇಕಾಯಿತು, ಸೊಂಟ ಹಿಡಿದುಕೊಂಡಿತು. ಉಳಿದ ತರಿಯನ್ನು ಹೊರಗೆ ಚೆಲ್ಲಿದೆ.

ನಿನ್ನ ಅತ್ತೆ ಆ ದಿನ ಗೊಣಗಿದ್ದು ಇದನ್ನೇ. "ಅವಳು ಕೇಳಿದ್ದು ಮರಳು, ಹಿಟ್ಟಲ್ಲ" ಅಂದಿದ್ದಳು.

ಬಟ್ಟೆ ಕಳಿಸಿದ್ದೇನೆ. ಮುಷ್ಟಿ ಮರಳನ್ನೂ ಕಳಿಸಿದ್ದೇನೆ, ಒಂದು ಕಡ್ಡಿಯನ್ನೂ ಆರಿಸದೆ.

ಏನಾಯಿತು ಮಗಳೇ? ಬೆಂಚುಗಳ ಮುಂದೆ ಇದನ್ನು ಆಡದೆ ಬರೆದಿದ್ದೇನೆ.

ಮಾವ


ಮೇ ೩

ಮಾವನಿಗೆ,

ಬಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದೆ. ಹಲಗೆಯ ಕೆಳಗಿನ ಮರಳನ್ನು ನೋಡಿದೆ. ಬಂದರಿನ ಹೂಳನ್ನೂ ತರಿಸಿ ನೋಡಿದೆ. ಹೂಳೂ ಹಲಗೆಯ ಮರಳೂ ಒಡಹುಟ್ಟಿದವರ ಹಾಗಿವೆ, ದಪ್ಪ, ತರಿ ತರಿ. ಡಬ್ಬಿಯ ಮರಳು ಬೇರೆಯೇ.

ನಾವು ಗಾಜನ್ನು ಪುಡಿ ಮಾಡಿದ್ದು ಡಬ್ಬಿಯ ಮರಳಿನ ಅಳತೆಗೆ. ಅಷ್ಟು ನುಣ್ಣನೆಯದನ್ನು ನೀರು ಕದಡಿ ಎತ್ತಿಕೊಂಡು ಆಳಕ್ಕೆ ಒಯ್ಯುತ್ತದೆ. ತರಿ ಮರಳು ತಳದಲ್ಲೇ ಉರುಳುತ್ತದೆ, ಅಲೆ ತಳ್ಳಿದ ಕಡೆಗೆ. ಅದು ದಡಕ್ಕೆ ಬರಬಹುದು. ಬಂದೇ ಬರುತ್ತದೆ ಎಂದು ಹೇಳಲಾರೆ, ಯಾಕೆಂದರೆ ಅದರ ಬೆನ್ನು ಹತ್ತಿ ನಾವು ಹೋಗಿಯೇ ಇಲ್ಲ. ಅಷ್ಟು ದಿನ ನಾವು ಹಿಂಬಾಲಿಸಿದ್ದು ನಿಮ್ಮ ಬೀದಿಯ ಮರಳನ್ನಲ್ಲ.

ತಪ್ಪು ನಿಮ್ಮದಲ್ಲ. ಎಲ್ಲಿ, ಎಷ್ಟು ಕಡೆ, ಹೇಗೆ ತೆಗೆಯಬೇಕು ಎಂದು ಕಲಿತವಳು ನಾನು. ನಾನು ಬರಲಿಲ್ಲ. ಕೆಲಸ ಬಿಡಲಿಲ್ಲ ಎಂದು ಬರೆದದ್ದು ಸುಳ್ಳು. ಬೋಟಿನಿಂದ ಇಳಿಯದಿದ್ದಕ್ಕೂ ತಪಾಸಣೆಯೊಂದೇ ಕಾರಣವಲ್ಲ. ನಿಮ್ಮ ನಾಟಕಗಳಿಗೆ ನಾನು ಪರದೆಯ ಸಂದಿಯಲ್ಲಿ ನಿಂತು ಪ್ರಾಂಪ್ಟ್ ಮಾಡುತ್ತಿದ್ದೆನಲ್ಲ. ಮಾತು ಮರೆತಾಗ ನೀವು ನನ್ನ ಕಡೆ ತಿರುಗುತ್ತಿದ್ದಿರಿ, ಎತ್ತಿಕೊಡಲು ನನ್ನ ಕೈಯಲ್ಲಿ ಸಾಲು ಇರುತ್ತಿತ್ತು. ಈ ಸಲ ದಡಕ್ಕೆ ಬಂದರೆ ಇಡೀ ಬೀದಿ ನನ್ನ ಕಡೆ ತಿರುಗಿ "ಉಳಿಯುತ್ತಾ?" ಎಂದು ಕೇಳುತ್ತಿತ್ತು. ನನ್ನ ಹತ್ತಿರ ಸಾಲು ಇರಲಿಲ್ಲ.

ಹಿರಿಯ ಅಧಿಕಾರಿಗೆ ಕಣದ ಅಳತೆ ತಪ್ಪಿದ್ದನ್ನು ಹೇಳಿ, ಇನ್ನೊಂದು ಪರೀಕ್ಷೆ ಬೇಕು ಎಂದೆ. ಅವರು ಕೇಳಿದ್ದು ಒಂದೇ: "ಮರಳು ತೆಗೆದವರು ಯಾರು?" "ನಾನು" ಎಂದೆ. ಸಭೆ ಮೇ ೮ರ ಮಧ್ಯಾಹ್ನ. ನನ್ನ ಅಜಾಗರೂಕತೆ ಎಂದು ಒಪ್ಪಿಕೊಂಡರೆ ಕೆಲಸವನ್ನು ಬೇರೆಯವರಿಗೆ ಕೊಟ್ಟಾದರೂ ಪರೀಕ್ಷೆ ಮತ್ತೆ ನಡೆಸಬಹುದು. ನಾಟಕದವನೊಬ್ಬ, ಅದೂ ನನ್ನ ಸ್ವಂತ ಮಾವ, ಬಣ್ಣದ ಬಟ್ಟೆಯಲ್ಲಿ ಸೋಸಿದ ಎಂದರೆ ಎಲ್ಲರೂ ನಗುತ್ತಾರೆ, ನಗುವಿನಲ್ಲೇ ಬೀದಿಯ ಮಾತು ಮುಗಿಯುತ್ತದೆ.

ಆದ್ದರಿಂದ ಈ ಪತ್ರವನ್ನು ಯಾರಿಗೂ ಓದಿ ಹೇಳಬೇಡಿ. ಸುಮ್ಮನಿರಿ ಮಾವ. ಈ ನಾಟಕದಲ್ಲಿ ನಿಮಗೆ ಅದೊಂದೇ ಪಾತ್ರ.

ನಿಮ್ಮ ಸೊಸೆ


ಮೇ ೭

ಮಹಾಜನಗಳೇ, ಅಮ್ಮಂದಿರೇ, ಅಯ್ಯಂದಿರೇ. ಬಾಗಿಲಲ್ಲಿ ನಿಂತವರು ಇಂದು ಒಳಗೆ ಬಂದು ಕೂತುಕೊಳ್ಳಿ. ಹಲಗೆ ಅಲುಗಾಡುತ್ತದೆ, ನೋಡಿಕೊಂಡು ಬನ್ನಿ. ಇಂದಿನ ಕಥೆಯಲ್ಲಿ ರಾಜನಿಲ್ಲ, ಯುದ್ಧವಿಲ್ಲ. ಒಬ್ಬ ಮುದುಕ, ಒಂದು ಡಬ್ಬಿ, ಒಂದು ಬಟ್ಟೆ.

ಹೌದು ಮಗಳೇ, ಓದಿದೆ. ಓದಬೇಡ ಎಂದ ಸಾಲನ್ನೂ ಸೇರಿಸಿ ಓದಿದೆ. ಗಂಟಲು ಈ ಸಲ ಕೈಕೊಡಲಿಲ್ಲ.

ಮೊದಲು ಸೋಡಾ ಅಂಗಡಿಯವನು ಶುರು ಮಾಡಿದ.

"ಅಲ್ಲ ಯಜಮಾನ್ರೇ, ಮನುಷ್ಯರಾಯ್ತು, ಇನ್ನು ಸಮುದ್ರಕ್ಕೂ ಮೇಕಪ್ ಮಾಡೋಕೆ ಹೋದ್ರಾ?"

ಬೆಂಚುಗಳು ನಕ್ಕವು. ನಾನೂ ನಿಂತು ಕೇಳಿಸಿಕೊಂಡೆ. ಸೂಜಿಯಮ್ಮ ಮಾತ್ರ ನಗಲಿಲ್ಲ.

"ನಿಮ್ಮ ಶೋಕಿಗೆ ನಮ್ಮ ಮನೆ ಹೋಗ್ತಿತ್ತು" ಅಂದಳು. "ನಾನು ಹೊಲಿಗೆ ಯಂತ್ರ ಬಿಚ್ಚಿ ಗೋಣಿಗೆ ತುಂಬಿಯಾಗಿದೆ, ಗೊತ್ತಾ ನಿಮಗೆ?"

"ಗೊತ್ತು" ಅಂದೆ.

"ಗೊತ್ತಿದ್ರೆ ಇಲ್ಲಿ ನಿಂತು ಯಾಕೆ ಓದ್ತಿದೀರಿ? ನಾವು ಕೇಳಿ ಏನು ಮಾಡೋಣ? ಕೇಳಬೇಕಾದವರು ಅಲ್ಲಿದಾರೆ. ಆ ಹುಡುಗಿ ಯಾಕೆ ನಿಮ್ಮ ತಪ್ಪಿಗೆ ತಲೆ ಕೊಡಬೇಕು?"

ನಿನ್ನ ಅತ್ತೆ ಮೂಲೆಯಿಂದ, "ನಾನು ಅವತ್ತೇ ಹೇಳಿದ್ದೆ" ಅಂದಳು. ಅವಳು ಜೀವಮಾನವಿಡೀ ಈ ಒಂದು ಮಾತಿಗಾಗಿ ಕಾದಿದ್ದಳು ಎಂದು ಕಾಣುತ್ತದೆ, ಮುಖ ಬೆಳಗಿತ್ತು. ಆಮೇಲೆ ಒಳಗೆ ಹೋಗಿ ನನ್ನ ಇಸ್ತ್ರಿ ಮಾಡಿದ ಅಂಗಿ ತಂದು ಕುರ್ಚಿಯ ಮೇಲೆ ಹಾಕಿದಳು.

ಆದ್ದರಿಂದ ಕೇಳು. ನಗುತ್ತಾರೆ ಎಂದು ಬರೆದೆ. ನಗಲಿ. ಜನ ನಕ್ಕರೆ ಕಥೆ ಮುಗಿಯುತ್ತದೆ ಎಂದು ನಿನಗೆ ಹೇಳಿಕೊಟ್ಟವರು ಯಾರು? ನಕ್ಕು ಮುಗಿಸಿದ ಜನ ಮುಂದಿನ ಮಾತಿಗೆ ಬಾಯಿ ಬಿಟ್ಟುಕೊಂಡು ಕಾಯುತ್ತಾರೆ, ನಾನು ಅನ್ನ ತಿಂದದ್ದೇ ಆ ಗುಟ್ಟಿನಿಂದ. ಅವರು ನಗುವಾಗ ನಾನು ಆ ಸಭೆಯಲ್ಲೇ ನಿಂತಿರುತ್ತೇನೆ. ನಗು ನಿಂತ ಮೇಲೆ ನೀನು ನಿನ್ನ ತರಿ, ನುಣುಪು, ಅಲೆ, ಆಳ ಎಲ್ಲ ಬಿಡಿಸಿ ಹೇಳು. ಅಜಾಗರೂಕತೆ ಎಂದು ತಲೆ ತಗ್ಗಿಸಿದವಳಿಗೆ ಯಾರು ಮತ್ತೆ ಬೋಟು ಕೊಡುತ್ತಾರೆ? ಪರೀಕ್ಷೆ ಹೇಗೆ ಕೆಟ್ಟಿತು ಎಂದು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದವಳಿಗೆ ಕೊಟ್ಟಾರು. ಬಟ್ಟೆ ನಿನ್ನ ಹತ್ತಿರ ಇದೆ. ಸೋಸಿದ ಕೈ ಇಲ್ಲಿದೆ. ಎರಡೂ ಒಂದೇ ಮೇಜಿನ ಮೇಲೆ ಬರಬೇಕು.

ಎಷ್ಟೋ ರಾತ್ರಿ ನೀನು ಎತ್ತಿಕೊಟ್ಟ ಮಾತನ್ನು ನನ್ನದೇ ಎಂಬ ಹಾಗೆ ಆಡಿ ಚಪ್ಪಾಳೆ ಹೊಡೆಸಿಕೊಂಡಿದ್ದೇನೆ. ಸುಮ್ಮನಿರಿ ಎಂದು ಈಗ ಎತ್ತಿಕೊಟ್ಟಿದ್ದೀಯಲ್ಲ, ಇದನ್ನು ಮಾತ್ರ ಆಡಲಾರೆ. ದಡಕ್ಕೆ ಬಂದಾಗ ನಿನ್ನ ಹತ್ತಿರ ಸಾಲು ಇಲ್ಲದಿದ್ದರೂ ಪರವಾಗಿಲ್ಲ. ಬಾಗಿಲು ತೆರೆದೇ ಇರುತ್ತದೆ, ಚಾಪೆ ಹಾಸಿರುತ್ತದೆ. "ಗೊತ್ತಿಲ್ಲ" ಅನ್ನು, ಬೀದಿ ಕೇಳಿಸಿಕೊಳ್ಳುತ್ತದೆ. ಇಂದು ನನ್ನದನ್ನು ಕೇಳಿಸಿಕೊಂಡಿದೆ.

ಕಡಲು ಮರಳು ತರುತ್ತದೋ ಇಲ್ಲವೋ ನನಗೂ ಗೊತ್ತಿಲ್ಲ. ತರದಿದ್ದರೆ ಗುಡ್ಡದ ಹಿಂದಕ್ಕೆ ಬೆಂಚು ಹೊತ್ತುಕೊಂಡು ಹೋಗುತ್ತೇವೆ. ಆದರೆ ಹೊರಡು ಎಂದು ಹೇಳುವುದು ನಮ್ಮ ಮರಳೇ ಆಗಬೇಕು, ನನ್ನ ಬಣ್ಣದ ಬಟ್ಟೆಯಲ್ಲ.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ, ನಾನೇ ತಂದು ಕೊಡುತ್ತೇನೆ. ನಾಳೆ ಬೆಳಿಗ್ಗೆ, ನೀರು ಇಳಿದ ಕೂಡಲೇ, ಬೀದಿಯವರೆಲ್ಲ ನೋಡುತ್ತಿರುವಾಗ ಹಲಗೆಯ ಕೆಳಗೊಂದು, ನೀರಿನಂಚಿನಲ್ಲೊಂದು, ಸೊಂಟದ ತನಕ ಇಳಿದು ಇನ್ನೊಂದು ಡಬ್ಬಿ ತುಂಬುತ್ತೇನೆ. ಚಿಪ್ಪಿದ್ದರೆ ಚಿಪ್ಪು, ಕಸವಿದ್ದರೆ ಕಸ. ಮುಚ್ಚಳ ಹಾಕುವುದು ಸೂಜಿಯಮ್ಮ, ನನ್ನ ಕೈಗೆ ಕೊಡುವುದಿಲ್ಲವಂತೆ. ಆಮೇಲೆ ಆ ಮರಳಿನ ಮುಖ ತೊಳೆಯದೆ, ನನ್ನದನ್ನು ಮಾತ್ರ ತೊಳೆದುಕೊಂಡು, ಮೊದಲ ಬಸ್ಸು ಹತ್ತುತ್ತೇನೆ.